ಗೀಜಗರ ಕಂಪನಿಯಲ್ಲಿ ತಿಪ್ಪಕ್ಕ ಕೂತದ್ದು

ಕಾಡಿನ ಅಂಚಿನಲ್ಲಿ ಒಂದು ಹೊಂಡ. ಹೊಂಡದ ನೀರಿನ ಮೇಲೆ ಸೊಂಟ ಬಗ್ಗಿಸಿ ನಿಂತ ಒಂದು ಜಾಲಿ ಮರ. ಮರದ ತುಂಬ ಗೀಜಗನ ಹಕ್ಕಿಗಳ ಗೂಡು, ಸೋರೆಬುರುಡೆಗಳನ್ನು ತಲೆಕೆಳಗು ಮಾಡಿ ತೂಗುಬಿಟ್ಟ ಹಾಗೆ. ಸುತ್ತ ಮುಳ್ಳು, ಕೆಳಗೆ ನೀರು, ನಡುವೆ ಗಾಳಿಯಲ್ಲಿ ಮನೆ. ಗೂಡಿಗೆ ಬಾಗಿಲು ಕೆಳಗಡೆ. ಆ ಬಾಗಿಲಿಗೆ ಹುಲ್ಲಿನ ಉದ್ದನೆ ಕೊಳವೆ. ಹುಳ ಬಂದರೆ ಕೊಳವೆಯ ಮೇಲೆ ಜಾರಿ ನೀರಿಗೆ ಬೀಳಬೇಕು, ಒಳಗೆ ತಲೆ ಹಾಕುವ ಹಾಗಿಲ್ಲ.

ಹುಳ ಅಂದರೆ ಯಾವ ಹುಳ ಅಂತ ತಿಳಿಯಿತಲ್ಲ ಮಕ್ಕಳೇ? ಕಾಲಿಲ್ಲದ್ದು, ಉದ್ದನೆಯದು, ಪೊಟರೆಯಲ್ಲಿ ಸುರುಳಿ ಸುತ್ತಿ ಮಲಗುವಂಥದ್ದು. ಗೀಜಗರು ಅದರ ಹೆಸರು ಹಿಡಿಯುವುದಿಲ್ಲ. ನಾವೂ ಹಿಡಿಯುವುದು ಬೇಡ.

ಆ ಹಕ್ಕಿಗಳಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಗೂಡು ನೇಯುವುದು ಗಂಡಿನ ಕೆಲಸ, ಜಗ್ಗಿ ನೋಡುವುದು ಹೆಣ್ಣಿನ ಕೆಲಸ. ಗೂಡು ಅರ್ಧಕ್ಕೆ ಬಂದ ಮೇಲೆ ಹೆಣ್ಣು ಬಂದು ಅದಕ್ಕೆ ಜೋತು ಬೀಳುತ್ತಾಳೆ, ಕೊಕ್ಕಿನಿಂದ ಎಳೆಯುತ್ತಾಳೆ, ಒದೆಯುತ್ತಾಳೆ, ಕೆಳಗೆ ನೀರು ಇದೆಯೋ ಇಲ್ಲವೋ ಅಂತ ಕತ್ತು ಚಾಚಿ ನೋಡುತ್ತಾಳೆ. ಒಲ್ಲೆ ಅಂದಳೋ, ಮುಗಿಯಿತು. ಜಾಲಿ ಮರದಲ್ಲಿ ಅರ್ಧಕ್ಕೇ ಬಿಟ್ಟ ಗೂಡುಗಳು ಎಷ್ಟೋ ನೇತಾಡುತ್ತಿದ್ದವು. ಒಂದೊಂದೂ ಒಬ್ಬೊಬ್ಬ ಗಂಡಿನ ಮಾನ ಹೋದ ಗುರುತು.

ಈ ಗೀಜಗರಿಗೆ ಒಬ್ಬ ಹಿರಿಯ, ಹೆಸರು ಪೀತಾಂಬರಪ್ಪ. ತಲೆಗೆ ಅರಿಸಿನ ಬಳಿದ ಹಾಗೆ ಹಳದಿ, ಎದೆಯಲ್ಲಿ ಗಾಳಿ, ಬಾಯಲ್ಲಿ ಜಂಬ. ಗುಬ್ಬಿಗಳು, ರಾಟವಾಳದ ಹಕ್ಕಿಗಳು ಬಂದು ನಮಗೂ ಒಂದೊಂದು ಗೂಡು ನೇಯ್ದು ಕೊಡಿ, ಕಾಳು ತಂದು ಕೊಡುತ್ತೇವೆ ಅಂದದ್ದೇ ತಡ, ಅವನು ಒಂದು ಕಂಪನಿ ಕಟ್ಟಿದ. ತಾನೇ ಅಧ್ಯಕ್ಷನಾದ. ತನ್ನ ಮಾತಿಗೆ ಹೂಂಗುಟ್ಟುವ ಗಂಡುಗಳನ್ನು ಆರಿಸಿ ಒಂದು ಆಡಳಿತ ಮಂಡಳಿ ಮಾಡಿದ. ಅಧ್ಯಕ್ಷ ಮಾತು ಮುಗಿಸಿ ರೆಕ್ಕೆ ಬಡಿದರೆ ಎಲ್ಲರೂ ಕೂಡಲೇ ರೆಕ್ಕೆ ಬಡಿಯಬೇಕು, ಅದೇ ಒಪ್ಪಿಗೆ. ಯಾರು ಜೋರಾಗಿ ಬಡಿದರೋ ಅವರಿಗೆ ಅಧ್ಯಕ್ಷರ ಹತ್ತಿರದ ಜಾಗ.

ಬೇಡಿಕೆ ಏರಿತು. ಹೆಣ್ಣುಗಳು ಜಗ್ಗಿ ನೋಡುವುದರಲ್ಲಿ ವೇಳೆ ಹಾಳಾಗುತ್ತದೆ ಅಂತ ಮಂಡಳಿ ಮೊದಲು ಆ ಪದ್ಧತಿಯನ್ನೇ ನಿಲ್ಲಿಸಿತು. ಆಮೇಲೆ ಜಾಲಿಯಲ್ಲಿ ಜಾಗ ಸಾಲದು ಅಂತ ಹೊಂಡದಿಂದ ದೂರ, ಹುತ್ತದ ಪಕ್ಕದಲ್ಲಿದ್ದ ಹೊಂಗೆ ಮರಕ್ಕೆ ಇಡೀ ಕಂಪನಿಯನ್ನು ಸಾಗಿಸಿತು. ಅಲ್ಲಿ ಮುಳ್ಳಿಲ್ಲ, ಕೆಳಗೆ ನೀರೂ ಇಲ್ಲ. ಕೊನೆಗೆ ಹುಲ್ಲು ಉಳಿಸುವುದಕ್ಕೆ ಕೊಳವೆಯನ್ನು ಗಿಡ್ಡ ಮಾಡಿತು. ಉದ್ದನೆ ಕೊಳವೆ ಹಳೇ ಕಾಲದ ಶೋಕಿ ಅಂದ ಪೀತಾಂಬರಪ್ಪ. ಎಲ್ಲರೂ ರೆಕ್ಕೆ ಬಡಿದರು.

ಹೊಂಗೆ ಮರದ ಬೊಡ್ಡೆಯಲ್ಲಿ ಒಂದು ದೊಡ್ಡ ಪೊಟರೆ ಇತ್ತು. ಅದರ ಬಾಯಿಗೆ ಮಂಡಳಿಯವರು ಚೆಂದದ ಒಂದು ಹುಲ್ಲಿನ ಪರದೆ ನೇಯ್ದು ಹಾಕಿದ್ದರು. ಗೂಡು ನೋಡಲು ಬಂದ ಹಕ್ಕಿಗಳಿಗೆ ಕಣ್ಣಿಗೆ ಹಿತವಾಗಿರಲಿ ಅಂತ. ಹಾಗಂತ ಅವರು ಹೇಳಿದ್ದು.

ಇಷ್ಟರಲ್ಲಿ ಕಾಡಿನ ದೊರೆ ಹುಲಿಯಿಂದ ಒಂದು ಅಪ್ಪಣೆ ಬಂತು. ಯಾವ ಮಂಡಳಿಯೇ ಇರಲಿ, ಅದರಲ್ಲಿ ಹೆಣ್ಣು ಇರಲೇಬೇಕು. ಪೀತಾಂಬರಪ್ಪ ಮೊದಲು ಆ ಕಡೆ ಈ ಕಡೆ ನೋಡಿದ. ಆಮೇಲೆ ನಕ್ಕ. ತನ್ನ ಹೆಂಡತಿಯ ತಂಗಿ ತಿಪ್ಪಕ್ಕನನ್ನು ಕರೆಸಿದ.

ತಿಪ್ಪಕ್ಕ ಕಂದು ಬಣ್ಣದ ಸಣ್ಣ ಹಕ್ಕಿ. ಗಂಡ ಇಲ್ಲ. ಯಾರಾದರೂ ಜೋರಾಗಿ ಮಾತಾಡಿದರೆ ಕತ್ತು ಒಳಗೆ ಎಳೆದುಕೊಳ್ಳುವ ಜಾತಿ. ಅವಳ ಜೀವವೆಲ್ಲ ಮಗಳು ಚಿಗುರಿಯ ಮೇಲೆ. ಚಿಗುರಿಗೆ ಹೊಂಗೆ ಮರದ ಕೆಳಗಿನ ಕೊಂಬೆಯಲ್ಲಿ ಗೂಡು ಕೊಟ್ಟಿದ್ದರು, ಅವಳು ಆಗಷ್ಟೇ ಮೊಟ್ಟೆ ಇಟ್ಟು ಕಾವಿಗೆ ಕೂತಿದ್ದಳು. ತಿಪ್ಪಕ್ಕನಿಗೆ ಭಾವ ಹೇಳಿದ್ದು ಇಷ್ಟೇ: ಕೊಂಬೆ ತುದಿಯಲ್ಲಿ ಕೂತುಕೋ, ನಾವು ರೆಕ್ಕೆ ಬಡಿದಾಗ ನೀನೂ ಬಡಿ, ನಡುವೆ ನಿದ್ದೆ ಬಂದರೆ ಮಲಗು. ಅವಳೂ ಹಾಗೇ ಮಾಡಿದಳು. ಡೈರೆಕ್ಟರು ಅಂತ ಗುಬ್ಬಿಗಳೆಲ್ಲ ದಾರಿ ಬಿಡುವಾಗ ಸ್ವಲ್ಪ ಹಿತವೂ ಆಯಿತು. ಸುಳ್ಳು ಯಾಕೆ ಹೇಳಬೇಕು.

ಹೀಗಿರುವಾಗ ಸುಂಕಿ ಕಾಣೆಯಾದಳು.

ಸುಂಕಿ ಎಳೇ ವಯಸ್ಸಿನ ಗೀಜಗಿ, ಬುಡದ ಕೊಂಬೆಯ ಗೂಡಿನಲ್ಲಿ ಇದ್ದವಳು. ಬೆಳಿಗ್ಗೆ ನೋಡಿದರೆ ಗೂಡು ಖಾಲಿ. ಮಧ್ಯಾಹ್ನದೊಳಗೆ ಮಂಡಳಿಯ ಕೊಂಬೆಯಿಂದ ಸುದ್ದಿ ಹಬ್ಬಿತು: ಸುಂಕಿ ಗೊರವಂಕನ ಜೊತೆ ಓಡಿಹೋದಳಂತೆ. ಸಂಜೆಯ ಹೊತ್ತಿಗೆ ಆ ಗೊರವಂಕನ ಕಾಲಿನ ಬಣ್ಣ, ಅವನು ಹಾಡಿದ ಹಾಡು, ಅವಳು ನಕ್ಕ ನಗು ಎಲ್ಲ ಸೇರಿಕೊಂಡಿತ್ತು. ಸುದ್ದಿ ಅಂದರೆ ಹಾಗಿರಬೇಕು, ಉಪ್ಪು ಹುಳಿ ಖಾರ ಎಲ್ಲ ಸರಿಯಾಗಿ ಬಿದ್ದಿತ್ತು. ತಿಪ್ಪಕ್ಕನೂ ಬಾಯಿ ಚಪ್ಪರಿಸಿಕೊಂಡು ನಾಲ್ಕು ಗೂಡಿಗೆ ಹಂಚಿ ಬಂದಳು.

ಐದನೆಯ ಗೂಡು ಮಗಳದ್ದು. ಚಿಗುರಿ ಎಲ್ಲ ಕೇಳಿ ಒಂದೇ ಮಾತು ಕೇಳಿದಳು.

"ಓಡಿಹೋದವಳು ಮೊಟ್ಟೆಗಳನ್ನೂ ಕಟ್ಟಿಕೊಂಡು ಹೋದಳೇನವ್ವ?"

ತಿಪ್ಪಕ್ಕ ಅದೇ ಕಾಲಲ್ಲಿ ಸುಂಕಿಯ ಗೂಡಿಗೆ ಹೋದಳು. ಒಳಗೆ ಮೊಟ್ಟೆ ಇಲ್ಲ, ಸಿಪ್ಪೆಯೂ ಇಲ್ಲ. ಹಾಸಿದ ಮೆತ್ತೆ ಒಂದು ಕಡೆಗೆ ಒತ್ತಿಹೋಗಿತ್ತು, ತೂಕದ್ದೇನೋ ಅಲ್ಲಿ ಹೊರಳಿದ ಹಾಗೆ. ಗಿಡ್ಡ ಕೊಳವೆಯ ಬಾಯಿಯಲ್ಲಿ ಹುಲ್ಲಿಗೆ ಸಿಕ್ಕಿಕೊಂಡು ತೆಳ್ಳನೆಯದೊಂದು ಅಲ್ಲಾಡುತ್ತಿತ್ತು. ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತೆಳ್ಳಗೆ, ಮೈತುಂಬ ಸಣ್ಣ ಸಣ್ಣ ಮನೆ ಬರೆದಂತೆ ಗೆರೆ. ಪೊರೆ.

ತಿಪ್ಪಕ್ಕನ ಮೈಯ ಗರಿ ಗರಿ ನಿಂತಿತು. ಇದ್ದಕ್ಕಿದ್ದಂತೆ ಆ ಗೂಡು ತನ್ನನ್ನು ನುಂಗಿಕೊಂಡು ಕೂತಿದೆ ಅನಿಸಿ ಹೊರಗೆ ಹಾರಿದಳು. ಚಿಗುರಿಯ ಗೂಡು ಅಲ್ಲಿಂದ ಎಷ್ಟು ಮೇಲೆ? ಎರಡು ಕವಲು, ಅಷ್ಟೇ.

ಮಾರನೆಯ ದಿನ ಮೀಟಿಂಗಿನಲ್ಲಿ ಅವಳು ಆ ಪೊರೆಯ ತುಂಡನ್ನು ಕೊಂಬೆಯ ಮೇಲಿಟ್ಟಳು. ಸುಂಕಿ ಓಡಿಹೋಗಿಲ್ಲ, ಈ ಮರದಲ್ಲಿ ಹುಳ ಇದೆ, ಹೊಸ ಗೂಡು ನಿಲ್ಲಿಸಿ ಇದ್ದ ಗೂಡುಗಳ ಕೊಳವೆ ಉದ್ದ ಮಾಡಿ ಅಂದಳು.

ಪೀತಾಂಬರಪ್ಪ ತುಂಡನ್ನು ಕೊಕ್ಕಿನಲ್ಲಿ ಎತ್ತಿ ತಿರುಗಿಸಿ ನೋಡಿದ.

"ಇದು ಈರುಳ್ಳಿ ಸಿಪ್ಪೆ," ಅಂದ. "ದಾರಿಹೋಕರು ಅಡುಗೆ ಮಾಡಿ ಎಸೆದದ್ದು, ಗಾಳಿಗೆ ಬಂದಿದೆ."

ಹೌದು ಈರುಳ್ಳಿಯೇ ಅಂದ ಒಬ್ಬ. ವಾಸನೆಯೂ ಬರುತ್ತಿದೆ ಅಂದ ಇನ್ನೊಬ್ಬ. ಮೂರನೆಯವನಿಗೆ ಕಣ್ಣಲ್ಲಿ ನೀರೇ ಬಂತು. ಕೊನೆಯಲ್ಲಿ ಕೂತಿದ್ದ ಓಬಳೇಶ ಅನ್ನುವ ಹುಡುಗ ಡೈರೆಕ್ಟರು ಮಾತ್ರ ಆ ತುಂಡನ್ನೇ ನೋಡುತ್ತ ಕೂತಿದ್ದ, ಅವನೂ ಕೊನೆಗೆ ರೆಕ್ಕೆ ಬಡಿದ.

ಮೀಟಿಂಗು ಮುಗಿದ ಮೇಲೆ ಭಾವ ಅವಳ ಹತ್ತಿರ ಬಂದು ಕೂತ. ಪ್ರೀತಿಯಿಂದಲೇ ಮಾತಾಡಿದ, ಅದೇ ಅವಳಿಗೆ ಹೆಚ್ಚು ಹೆದರಿಕೆಯಾದದ್ದು.

"ನೋಡು ತಿಪ್ಪಕ್ಕ, ಹುಳ ಅನ್ನುವ ಮಾತು ಹೊರಗೆ ಹೋದರೆ ಗಿರಾಕಿಗಳು ಎಲೆ ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿಗಳ ಹತ್ತಿರ ಹೋಗುತ್ತಾರೆ. ನಿನ್ನ ಮಗಳಿರುವುದು ಕಂಪನಿಯ ಗೂಡು. ಖಾಲಿ ಮಾಡು ಅಂದರೆ ಇಟ್ಟ ಮೊಟ್ಟೆಗಳನ್ನು ಎಲ್ಲಿಗೆ ಒಯ್ಯುತ್ತಾಳೆ?"

ತಿಪ್ಪಕ್ಕ ಕತ್ತು ಒಳಗೆಳೆದುಕೊಂಡಳು. ಆಮೇಲೆ, ಅಯ್ಯೋ ಅವಳ ಗತಿಯೇ, ಮೆಲ್ಲಗೆ ರೆಕ್ಕೆ ಬಡಿದಳು.

ಆ ಮಧ್ಯಾಹ್ನ ಗಾಳಿಯೇ ಇರಲಿಲ್ಲ. ಹೊಂಗೆ ಎಲೆ ಒಂದೂ ಅಲುಗುತ್ತಿರಲಿಲ್ಲ. ತಿಪ್ಪಕ್ಕ ಮೇಲಿನ ಕೊಂಬೆಯಲ್ಲಿ ಕೂತು ಮಗಳ ಗೂಡನ್ನೇ ಕಾಯುತ್ತಿದ್ದಳು. ಸುತ್ತಲಿನ ಗೂಡುಗಳೆಲ್ಲ ಕಲ್ಲಿನ ಹಾಗೆ ನಿಂತಿದ್ದವು. ಒಂದು ಗೂಡು ಮಾತ್ರ ತೂಗುತ್ತಿತ್ತು.

ಅದು ರಾಟವಾಳದ ಹಕ್ಕಿಯೊಂದು ತೆಗೆದುಕೊಂಡ ಗೂಡು, ಚಿಗುರಿಯ ಗೂಡಿನ ಮಗ್ಗುಲಲ್ಲೇ. ಮೆಲ್ಲಗೆ, ಯಾರೋ ತೊಟ್ಟಿಲು ತೂಗಿದ ಹಾಗೆ ತೂಗುತ್ತಿತ್ತು. ಗಿಡ್ಡ ಕೊಳವೆಯಿಂದ ಕಪ್ಪನೆಯ ಬಾಲದ ತುದಿ ಇಳಿಬಿದ್ದಿತ್ತು. ಒಳಗೆ ಒಂದು ಸಲ ಕಿಚ್ ಅಂತು. ಆಮೇಲೆ ಇಲ್ಲ. ತಿಪ್ಪಕ್ಕನಿಗೆ ಕೂಗಲು ದನಿಯೇ ಬರಲಿಲ್ಲ. ಗೂಡು ತೂಗುವುದು ನಿಂತಿತು. ಕಪ್ಪನೆಯದು ಕೊಂಬೆ ಹಿಡಿದು, ಬೊಡ್ಡೆ ಸುತ್ತಿ, ಅವಸರವಿಲ್ಲದೆ ಇಳಿದು ಚೆಂದದ ಹುಲ್ಲಿನ ಪರದೆಯ ಹಿಂದೆ ಹೋಯಿತು. ಪರದೆ ಮತ್ತೆ ನೆಟ್ಟಗೆ ನಿಂತಿತು, ಏನೂ ಆಗದ ಹಾಗೆ.

ಚಿಗುರಿ ಗೂಡಿನಿಂದ ಮುಖ ಹಾಕಿ ಪಕ್ಕದ ಮನೆಯವಳು ಯಾಕೆ ಸುಮ್ಮನಾದಳು ಅಂತ ಕೇಳಿದಳು. ತಿಪ್ಪಕ್ಕ ಹೊಂಡಕ್ಕೆ ಹಾರಿ ಜೊಂಡಿನ ಎಳೆ ಕಿತ್ತು ತಂದು ಮಗಳ ಕೊಳವೆಗೆ ತಾನೇ ನೇಯಲು ನೋಡಿದಳು. ಹೆಣ್ಣುಗಳಿಗೆ ಗೂಡಿನ ತಪ್ಪು ಹಿಡಿಯಲು ಬರುತ್ತಿತ್ತು, ಕೊಳವೆ ನೇಯಲು ಯಾರೂ ಕಲಿಸಿರಲಿಲ್ಲ. ಹಾಕಿದ ಎಳೆ ಹಾಕಿದಲ್ಲೇ ಕಳಚಿ ಬಿತ್ತು. ಮಂಡಳಿ ಹೂಂ ಅನ್ನದೆ ಗಂಡುಗಳು ಕೈ ಹಾಕುವುದಿಲ್ಲ. ಒಬ್ಬಳ ಮಾತಿಗೆ ಮಂಡಳಿ ಹೂಂ ಅನ್ನುವುದಿಲ್ಲ.

ಹಾಗಾದರೆ ಒಬ್ಬಳೇ ಹೋಗಬಾರದು ಅಂತ ಅವಳಿಗೆ ಅಲ್ಲಿ ಹೊಳೆಯಿತು.

ಅವಳು ಮೊದಲು ಹೋದದ್ದು ಕೊಟ್ರವ್ವನ ಹತ್ತಿರ. ಕೊಟ್ರವ್ವ ಗರಿ ಉದುರಿದ ಮುದುಕಿ, ಆದರೆ ಅವಳ ಕಾಲದಲ್ಲಿ ಅವಳು ಜಗ್ಗಿ ನೋಡಿ ಒಪ್ಪಿದ ಗೂಡು ಬಿದ್ದದ್ದಿಲ್ಲ. ಆಮೇಲೆ ದುರುಗಿಯ ಹತ್ತಿರ. ದುರುಗಿಯ ಬಾಯಿ ಎಂಥದು ಅಂದರೆ ಕಾಗೆ ಕೂಡ ಅವಳ ಗೂಡಿನ ಮುಂದೆ ಸದ್ದಿಲ್ಲದೆ ಹಾರುತ್ತಿತ್ತು. ತಿಪ್ಪಕ್ಕ ಕಂಡದ್ದನ್ನೆಲ್ಲ ಹೇಳಿದಳು. ತಾನು ರೆಕ್ಕೆ ಬಡಿದದ್ದನ್ನೂ ಹೇಳಿದಳು. ದುರುಗಿ ಅದಕ್ಕೆ ಅವಳನ್ನು ಚೆನ್ನಾಗಿ ಬೈದಳು, ಬೈದು ಮುಗಿಸಿ ಎದ್ದು ಹೊರಟಳು.

ಬೆಳಿಗ್ಗೆ ಮಂಡಳಿಯ ಕೊಂಬೆಯ ಮೇಲೆ ಒಂದು ಹೆಣ್ಣಿನ ಬದಲು ಮೂರು ಹೆಣ್ಣು ಕೂತಿದ್ದವು. ಪೀತಾಂಬರಪ್ಪ ಕೆಮ್ಮಿದ. ಇವರನ್ನು ಕರೆದವರು ಯಾರು ಅಂದ.

"ನೀನು ಕಣ್ಣು ಬಿಡುವ ಮೊದಲು ನಿನ್ನ ಬಾಯಿಗೆ ಮಿಡತೆ ಇಟ್ಟವಳು ನಾನು," ಅಂದಳು ಕೊಟ್ರವ್ವ. "ಕೂರಬಾರದು ಅಂದರೆ ನಡಿ, ದೊರೆಯನ್ನೇ ಕೇಳೋಣ."

ದೊರೆಯ ಹೆಸರು ಬಂದ ಮೇಲೆ ಅವನು ಆ ಮಾತು ಬಿಟ್ಟ. ಕೆಳಗಿನ ಗೂಡುಗಳಿಂದ ಹೆಣ್ಣುಗಳೆಲ್ಲ ಮುಖ ಹೊರಗೆ ಹಾಕಿ ಕೇಳುತ್ತಿದ್ದರು.

ತಿಪ್ಪಕ್ಕ ಮತ್ತೆ ಅದನ್ನೇ ಹೇಳಿದಳು, ಈ ಸಲ ಬಾಲ ಕಂಡದ್ದನ್ನೂ ಸೇರಿಸಿ. ಅಧ್ಯಕ್ಷ ಮಾತನ್ನು ಬೇಡಿಕೆಯ ಕಡೆಗೆ, ದೂರದ ಊರಿನ ಗಿರಾಕಿಗಳ ಕಡೆಗೆ ತಿರುಗಿಸಿದ. ಕೊಟ್ರವ್ವ ಅದನ್ನು ಮತ್ತೆ ಕೊಳವೆಗೆ ತಂದಳು. ಅವನು ಮಳೆಯ ಸುದ್ದಿ ಎತ್ತಿದ. ಅವಳು ಮತ್ತೆ ಕೊಳವೆಗೆ ತಂದಳು. ಅವನು ರೆಕ್ಕೆ ಬಡಿಯಲು ಎತ್ತಿದ್ದೇ ದುರುಗಿ ಅಡ್ಡ ಬಾಯಿ ಹಾಕಿದಳು.

"ಅಧ್ಯಕ್ಷರೇ, ನಿಮ್ಮ ಮನೆ ಯಾವ ಮರದಲ್ಲಿದೆ?"

ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಆದರೆ ಬಾಯಿ ಬಿಟ್ಟು ಯಾರೂ ಕೇಳಿರಲಿಲ್ಲ. ಪೀತಾಂಬರಪ್ಪನ ಸಂಸಾರ ಹಳೇ ಜಾಲಿ ಬಿಟ್ಟು ಕದಲಿರಲಿಲ್ಲ. ಮೇಲೆ ಮುಳ್ಳು, ಕೆಳಗೆ ನೀರು, ಮಾರುದ್ದದ ಕೊಳವೆ.

"ಹಳೇ ಮರ ನೋಡಿಕೊಳ್ಳಲು ಯಾರಾದರೂ ಇರಬೇಕಲ್ಲ," ಅಂದ ಅವನು. "ನಾನು ತ್ಯಾಗ ಮಾಡಿದ್ದೇನೆ."

ಕೆಳಗಿನ ಗೂಡುಗಳಲ್ಲಿ ಯಾರೋ ಕಿಸಕ್ಕೆಂದರು. ಆದರೆ ಓಬಳೇಶ ನಗಲಿಲ್ಲ. ಅವನ ಹೊಸ ಹೆಂಡತಿ ಬೊಡ್ಡೆಯ ಪಕ್ಕದ ಕೊಂಬೆಯಲ್ಲೇ ಕಾವಿಗೆ ಕೂತಿದ್ದಳು. ಅವನು ಅಧ್ಯಕ್ಷರನ್ನು ನೋಡದೆ ಹೇಳಿದ.

"ಅಣ್ಣಾ, ಮರ ಆರಿಸಿದ ದಿನ ಆ ಪೊಟರೆಯೊಳಗೆ ಪೊರೆ ಇತ್ತು. ನಾವೆಲ್ಲ ನೋಡಿದ್ದೆವು. ನೋಡಿಯೇ ಅಲ್ಲವಾ ಪರದೆ ನೇಯ್ದದ್ದು?"

ಕೇಳಿದಿರಾ ಮಕ್ಕಳೇ? ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಈರುಳ್ಳಿ ಅಂದರು, ಗೊತ್ತಿದ್ದೂ ಸತ್ತವಳ ಮೇಲೆ ಗೊರವಂಕನನ್ನು ಹೊರಿಸಿದರು. ತಿಪ್ಪಕ್ಕನಿಗೆ ಕಾಲಡಿಯ ಕೊಂಬೆಯೇ ಹುಳದ ಮೈ ಅನಿಸಿತು.

ಪೀತಾಂಬರಪ್ಪನಿಗೆ ಈಗ ಮರ್ಯಾದೆಯ ಪ್ರಶ್ನೆ. ಅದು ಹಳೇ ಪೊರೆ, ಬಿಟ್ಟುಹೋದದ್ದು, ಹುಳ ಎಂದೋ ಊರು ಬಿಟ್ಟಿದೆ ಅಂದ. ಹೇಳುತ್ತ ಹೇಳುತ್ತ ಅವನಿಗೇ ಅದು ನಿಜ ಅನಿಸಿರಬೇಕು. ಹೆಣ್ಣುಗಳು ಎಲೆ ಅಲುಗಿದರೂ ಹೆದರುತ್ತಾರೆ, ಅವರ ಜೊತೆ ನೀನೂ ಸೇರಿದೆಯಾ ಅಂತ ಓಬಳೇಶನನ್ನು ಹಂಗಿಸಿದ. ಎಲ್ಲಿ, ಎಲ್ಲರೂ ನೋಡಿ ಅಂತ ಹಾರಿ ಹೋಗಿ ಪೊಟರೆಯ ಅಂಚಿನ ಮೇಲೆ, ಪರದೆಗೆ ಬೆನ್ನು ಹಾಕಿ ಕೂತ.

"ಇಲ್ಲಿದೆಯಾ ಹುಳ? ಯಾರಿಗಾದರೂ ಕಾಣುತ್ತಾ?"

ತಿಪ್ಪಕ್ಕನಿಗೆ ಕಂಡಿತು. ಅವನ ಬೆನ್ನ ಹಿಂದೆ ಪರದೆ ಒಂದು ಕಡೆ ಉಬ್ಬುತ್ತಿತ್ತು. ಒಳಗಿನಿಂದ ಯಾರೋ ಮೆಲ್ಲಗೆ ಹಣೆ ಒತ್ತಿದ ಹಾಗೆ.

"ಭಾವ, ಹಾರಿ," ಅಂದಳು ಅವಳು. ಜೀವಮಾನದಲ್ಲಿ ಅಷ್ಟು ಜೋರಾಗಿ ಅವಳು ಮಾತಾಡಿದ್ದಿಲ್ಲ. "ಹಿಂದೆ ಇದೆ, ಹಾರಿ."

ಪೀತಾಂಬರಪ್ಪ ನಕ್ಕ. ನೋಡಿದಿರಾ, ಹೆದರಿಸುತ್ತಾಳೆ ಅಂದ. ತಿರುಗಿ ನೋಡಲಿಲ್ಲ. ಎದೆಯುಬ್ಬಿಸಿ, ಒಪ್ಪಿಗೆ ಕೇಳುವವನ ಹಾಗೆ ಎರಡೂ ರೆಕ್ಕೆ ಎತ್ತಿ ಬಡಿಯತೊಡಗಿದ.

ಯಾರೂ ರೆಕ್ಕೆ ಬಡಿಯಲಿಲ್ಲ. ಆ ಮೌನದಲ್ಲಿ ಪರದೆ ಒಂದು ಸಲ ಹಾರಿತು, ಬಿತ್ತು. ಅಂಚಿನ ಮೇಲೆ ಅಧ್ಯಕ್ಷರಿರಲಿಲ್ಲ. ಒಂದು ಹಳದಿ ಗರಿ ಮಾತ್ರ ಗಾಳಿಯಲ್ಲಿ ಸುತ್ತುತ್ತ ನಿಧಾನವಾಗಿ ನೆಲಕ್ಕೆ ಇಳಿಯಿತು.

ಮರದಲ್ಲಿ ಎದ್ದ ಕೂಗಾಟ ಹೇಳತೀರದು. ಈರುಳ್ಳಿಗೆ ಕಣ್ಣೀರು ಹಾಕಿದ್ದ ಡೈರೆಕ್ಟರು ಎಲ್ಲರಿಗಿಂತ ಮೊದಲು ಹಾರಿ ಹೊಂಡದ ಆಚೆ ದಡ ಸೇರಿದ. ಉಳಿದ ಗಂಡುಗಳೂ ಹೊರಟೇಬಿಡುತ್ತಿದ್ದರು. ದುರುಗಿ ದಾರಿಗೆ ಅಡ್ಡ ನಿಂತಳು. ನೀವು ಹಾರುತ್ತೀರಿ, ಮೊಟ್ಟೆ ಹಾರುತ್ತವಾ ಅಂದಳು.

ಆಗ ತಿಪ್ಪಕ್ಕ ಮಾತಾಡಿದಳು. ನಡುಗುತ್ತಲೇ ಮಾತಾಡಿದಳು. ಒಂದರ ಮೇಲೊಂದು ಮೂವರನ್ನು ನುಂಗಿದ ಹುಳ ಈಗ ಹೊಟ್ಟೆ ಭಾರವಾಗಿ ಕೆಲವು ದಿನ ಮಲಗುತ್ತದೆ. ಅದು ಏಳುವುದರೊಳಗೆ ಕಾವಿಗೆ ಕೂತವರ ಕೊಳವೆಯೆಲ್ಲ ಉದ್ದವಾಗಬೇಕು. ಹೊಸ ಗೂಡು ಒಂದೂ ಬೇಡ. ನೇಯ್ದದ್ದನ್ನು ಹೆಣ್ಣುಗಳು ಜಗ್ಗಿ ನೋಡಬೇಕು. ಒಪ್ಪಿಗೆಯೋ ಇಲ್ಲವೋ?

ಮೊದಲು ರೆಕ್ಕೆ ಬಡಿದವನು ಓಬಳೇಶ.

ಅವತ್ತಿನಿಂದ ಹೊತ್ತು ಹುಟ್ಟಿ ಮುಳುಗುವ ತನಕ ಗಂಡುಗಳು ಜೊಂಡು ಸೀಳಿ ತಂದು ನೇಯ್ದರು. ಹೆಣ್ಣುಗಳು ಜೋತುಬಿದ್ದು ಜಗ್ಗಿದರು. ಕೊಟ್ರವ್ವ ಒಪ್ಪದ ಕೊಳವೆಯನ್ನು ಬಿಚ್ಚಿ ಮತ್ತೆ ನೇಯಬೇಕಾಯಿತು. ಗಂಡುಗಳು ಗೊಣಗಿದರು. ಆದರೂ ಎಲ್ಲರೂ ಒಂದು ಕಣ್ಣನ್ನು ಪರದೆಯ ಮೇಲಿಟ್ಟೇ ನೇಯುತ್ತಿದ್ದರು. ಪೀತಾಂಬರಪ್ಪ ಆ ಹುಳದ ಹೊಟ್ಟೆ ತುಂಬಿಸಿ ಕೊಡಿಸಿದ ಆ ಕೆಲವು ದಿನಗಳೇ, ಅವನು ಕಂಪನಿಗೆ ಮಾಡಿದ ದೊಡ್ಡ ಉಪಕಾರ ಅಂತ ದುರುಗಿ ಹೇಳುತ್ತಿದ್ದಳು. ಸತ್ತವರ ಬಗ್ಗೆ ಹಾಗನ್ನಬಾರದು. ಆದರೂ ಸುಳ್ಳೇನಲ್ಲ.

ಹುಳ ಎದ್ದ ದಿನ ಚಿಗುರಿಯ ಮೊಟ್ಟೆಗಳೊಡೆದು ಮರಿಗಳು ಹೊರಗೆ ಬಂದಿದ್ದವು. ಕಣ್ಣು ಬಿಡದ, ಗರಿಯಿಲ್ಲದ, ಬಾಯೇ ಮೈಯಾಗಿದ್ದ ಮರಿಗಳು. ಅವುಗಳ ಕಿಚಕಿಚ ಕೇಳಿಯೇ ಅದು ನೇರ ಆ ಕೊಂಬೆಗೆ ಬಂತು. ತಿಪ್ಪಕ್ಕ ಮೇಲಿನ ಕವಲಿನಲ್ಲಿ ಕೂತು ನೋಡುತ್ತಿದ್ದಳು. ಮಾಡಲು ಏನೂ ಉಳಿದಿರಲಿಲ್ಲ. ಮಾಡಬೇಕಾದದ್ದೆಲ್ಲ ನೇಯ್ದಾಗಿತ್ತು.

ಅದು ಗೂಡಿನ ಕತ್ತು ಸುತ್ತಿತು. ಗೂಡಿನ ಹೊಟ್ಟೆಯ ಮೇಲೆ ಇಳಿಯಿತು. ಒಳಗೆ ಚಿಗುರಿ ಮರಿಗಳ ಮೇಲೆ ರೆಕ್ಕೆ ಹರಡಿ ಉಸಿರು ಹಿಡಿದಳು. ಅದು ತಲೆ ಕೆಳಗೆ ಮಾಡಿ ಬಾಗಿಲು ಹುಡುಕುತ್ತ ಕೊಳವೆಯ ಮೇಲೆ ಜಾರಿತು, ಇನ್ನೂ ಜಾರಿತು, ಕೊಳವೆ ಮುಗಿಯಲೇ ಇಲ್ಲ. ಹಿಡಿಯಲು ಏನೂ ಸಿಗದೆ ಅದರ ಬಾಲ ಹುಲ್ಲಿನ ಮೇಲಿಂದ ಕಳಚಿತು. ನೆಲದ ಮೇಲೆ ಧೊಪ್ಪೆಂದು ಸದ್ದಾಯಿತು.

ಮತ್ತೆ ಹತ್ತಿ ಬಂತು. ಮತ್ತೆ ಬಿತ್ತು. ಆಮೇಲೆ ಬಿದ್ದಲ್ಲೇ ಸ್ವಲ್ಪ ಹೊತ್ತು ತಲೆಯೆತ್ತಿ ಮೇಲೆ ನೋಡಿ, ಹುತ್ತದ ಕಡೆಗೆ ಹರಿದುಹೋಯಿತು.

ಚಿಗುರಿ ಕೊಳವೆಯೊಳಗಿನಿಂದಲೇ ಪಿಸುಗುಟ್ಟಿದಳು.

"ಹೋಯಿತಾ ಅವ್ವ?"

"ಹೋಯಿತು."

"ಮತ್ತೆ ಬರುತ್ತಾ?"

ತಿಪ್ಪಕ್ಕ ಮಂಡಳಿಯ ಕೊಂಬೆಯ ಕಡೆ ನೋಡಿದಳು. ಅಲ್ಲಿ ಮೀಟಿಂಗಿಗೆ ಕೊಟ್ರವ್ವನೂ ದುರುಗಿಯೂ ಬಂದು ಕೂತಾಗಿತ್ತು, ಅವಳ ಜಾಗ ಒಂದು ಖಾಲಿ ಇತ್ತು.

"ಬರುತ್ತೆ," ಅಂದಳು. "ಅದಕ್ಕೇ ನಾನು ಅಲ್ಲಿ ಕೂರುವುದು."

ನೀತಿ: ಹೆಣ್ಣನ್ನು ಸಭೆಯಲ್ಲಿ ಕೂರಿಸಿದರೆ ಸಾಲದು, ಅವಳು ಹೇಳುವ ಅಪಾಯಕ್ಕೆ ಕಿವಿ ಕೊಡಬೇಕು, ತಲೆಯಾಡಿಸುವವರನ್ನೇ ಸುತ್ತ ಕಟ್ಟಿಕೊಂಡವನಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ.